ರಾಫ್ಟ್ ಮೇಲೆ ಆರ್‌ಸಿಸಿ ಗೋಡೆ: ಸ್ಲರಿ ಹೊಡೆದ್ರೆ ಸಾಕಾ, ಚಿಪ್ಪಿಂಗ್ ಮಾಡಿಸ್ಲೇಬೇಕಾ?

ಪ್ರಶ್ನೆ: ನಮಸ್ಕಾರ್ರಿ ಸರ್. ಧಾರವಾಡದಾಗ ನಮ್ದು ಮನಿ ಕೆಲಸ ನಡದೈತ್ರಿ, ತೆಳಗ ಬೇಸ್‌ಮೆಂಟ್ ಪಾರ್ಕಿಂಗ್, ಮ್ಯಾಲ ಮೂರು ಅಂತಸ್ತು. ರಾಫ್ಟ್ (ಮನಿ ತೆಳಗ ಪೂರ್ತಿ ಹಾಸೋ ಪಾಯಾದ ಕಾಂಕ್ರೀಟ್) ಹಾಕಿ ಇವತ್ತಿಗೆ 20 ದಿನ ಆತು. ಈಗ ಸುತ್ತಲಿನ ಆರ್‌ಸಿಸಿ ಗ್ವಾಡಿ ಮತ್ತ ಲಿಫ್ಟ್ ಗ್ವಾಡಿ ಎಬ್ಬಿಸಬೇಕು. ಗ್ವಾಡಿ ಕೂಡೋ ಜಾಗಾದಾಗ ರಾಫ್ಟ್ 6 ಎಂಎಂ ಒರಟು ಮಾಡ್ರಿ ಅಂತ ಇಂಜಿನಿಯರು ಡ್ರಾಯಿಂಗ್‌ನ್ಯಾಗ ಬರದಾರ. ಮೇಸ್ತ್ರಿ "ಅದೆಲ್ಲಾ ಬ್ಯಾಡ್ರಿ, ಸಿಮೆಂಟ್ ನೀರಿನ ಸ್ಲರಿ ಹೊಡದು ಹಾಕಿದ್ರ ಕಲ್ಲಾಗ್ತೈತಿ, ಕಂಬಿ ಅದಾವಲ್ಲ" ಅಂತಾನ. ಅಂಗಡಿಯವರು ಬಾಂಡಿಂಗ್ ಕೆಮಿಕಲ್ ಹಚ್ಚಿದ್ರ ಸಾಕು ಅಂತಾರ. ಯಾರ ಮಾತು ಕೇಳ್ಬೇಕ್ರಿ?

ಉತ್ತರ: ಇಂಜಿನಿಯರ್ ಮಾತು ಕೇಳಿ ಸರ್, ಚಿಪ್ಪಿಂಗ್ ಮಾಡಿಸಿ, ಅಂದ್ರೆ ಆ ಮುಖ ಕೆತ್ತಿ ಒರಟು ಮಾಡಿಸಿ. ಆದ್ರೆ ನಿಮ್ಮ ಮೇಸ್ತ್ರಿ ಹೇಳಿದ್ರಲ್ಲಿ ಕಾಲು ಭಾಗ ನಿಜಾನೂ ಇದೆ, ಕಂಬಿ ವಿಷಯ. ಅದನ್ನ ಆಮೇಲೆ ಹೇಳ್ತೀನಿ, ಯಾಕಂದ್ರೆ ಆ ಕಂಬಿ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾದ್ರೆ 6 ಎಂಎಂ ಯಾಕೆ ಬೇಕು ಅಂತ ತಾನಾಗೇ ಗೊತ್ತಾಗುತ್ತೆ.

ಮೊದಲು ಆ ಜಾಯಿಂಟ್‌ನಲ್ಲಿ ಏನಿದೆ ನೋಡೋಣ, ಜಾಯಿಂಟ್ ಅಂದ್ರೆ ಹಳೇ ರಾಫ್ಟಿಗೆ ಹೊಸ ಗೋಡೆ ಕೂಡೋ ಜಾಗ. ರಾಫ್ಟ್‌ಗೆ ಕಾಂಕ್ರೀಟ್ ಹಾಕಿ ವೈಬ್ರೇಟರ್ ಆಡಿಸಿದ ಮೇಲೆ ಜಲ್ಲಿ ಕೆಳಗೆ ಕೂತು, ನೀರು ಮೇಲೆ ಬರುತ್ತೆ, ಬರೋವಾಗ ಜೊತೆಗೆ ಸಿಮೆಂಟಿನ ಸಣ್ಣ ಪುಡಿ, ಎಂ ಸ್ಯಾಂಡ್ ಧೂಳು ಎಲ್ಲಾ ಎಳ್ಕೊಂಡು ಬರುತ್ತೆ, ಆ ನೀರು ಆರಿದ ಮೇಲೆ ಮೇಲ್ಗಡೆ ಕಾಯಿಸಿದ ಹಾಲಿನ ಕೆನೆ ತರಾ ಒಂದು ಪದರ ಉಳಿಯುತ್ತೆ. ಇಂಜಿನಿಯರ್‌ಗಳು ಇದನ್ನ ಲೇಟೆನ್ಸ್ ಅಂತಾರೆ. ನೋಡೋಕೆ ನುಣ್ಣಗೆ, ತಿಳಿ ಬೂದು ಬಣ್ಣ, ಮನೆಯವರಿಗೆ ಖುಷಿ, ಆಹಾ ಎಷ್ಟು ಚೆನ್ನಾಗಿ ಫಿನಿಶ್ ಕೊಟ್ಟಿದ್ದಾರೆ ಅಂತ. ನಾಳೆ ಬೆಳಿಗ್ಗೆ ಸೈಟಿಗೆ ಹೋದಾಗ ಒಂದು ಮೊಳೆ ತಗೊಂಡು ಆ ಮುಖದ ಮೇಲೆ ಜೋರಾಗಿ ಗೀರಿ ನೋಡಿ. ಬಿಳಿ ಪುಡಿ ಉದುರಿದ್ರೆ ಅದೇ ಕೆನೆ. ನೀವು ಎಂ25 ದರ್ಜೆಯ ಗಟ್ಟಿ ಕಾಂಕ್ರೀಟಿಗೆ ದುಡ್ಡು ಕೊಟ್ಟಿದ್ದೀರಿ, ಸರಿ, ಆದ್ರೆ ಮೇಲಿನ ಒಂದೆರಡು ಎಂಎಂ ಇದೆಯಲ್ಲ ಅದು ಎಂ25 ಅಲ್ಲ, ಸೀಮೆಸುಣ್ಣ. ಅದರ ಮೇಲೆ ಎಷ್ಟೇ ಒಳ್ಳೆ ಗೋಡೆ ಕಟ್ಟಿದ್ರೂ ಗೋಡೆಗೂ ರಾಫ್ಟಿಗೂ ಮಧ್ಯ ಆ ಪುಡಿ ಪದರ ಉಳ್ಕೊಂಡೇ ಇರುತ್ತೆ. ಈಗ ಅದರ ಮೇಲೆ ಸ್ಲರಿ ಹೊಡೆದ್ರೆ ಸ್ಲರಿ ಯಾವುದಕ್ಕೆ ಅಂಟ್ಕೊಂಡಂಗಾಯ್ತು? ಪುಡಿಗೆ.

ಈಗ ಶಿಯರ್ ವಿಷಯ. ಜೋಳದ ಕಟಕ ರೊಟ್ಟಿ ಅಟ್ಟಿ ಇಟ್ಟು ಮೇಲಿನ ರೊಟ್ಟಿ ಪಕ್ಕದಿಂದ ತಳ್ಳಿದ್ರೆ ಜಾರುತ್ತಲ್ಲ, ಆ ಜಾರಿಸೋ ಬಲಾನೇ ಶಿಯರ್. ನಿಮ್ಮ ಬೇಸ್‌ಮೆಂಟ್ ಗೋಡೆಗೆ ಹೊರಗಿನ ಮಣ್ಣು ಒಳಗಡೆ ತಳ್ಳುತ್ತೆ, ಭೂಕಂಪ ಬಂದ್ರೆ ಲಿಫ್ಟ್ ಗೋಡೆನ ಕಟ್ಟಡ ಆ ಕಡೆ ಈ ಕಡೆ ತಳ್ಳುತ್ತೆ. ಒಂದೇ ಸಲ ಹಾಕಿದ ಕಾಂಕ್ರೀಟಾದ್ರೆ ಜಲ್ಲಿ ಜಲ್ಲಿ ಹೆಣ್ಕೊಂಡು ತಡೆಯುತ್ತೆ, ಆದ್ರೆ 20 ದಿನ ಬಿಟ್ಟು ಹಾಕಿದ ಜಾಯಿಂಟಲ್ಲಿ ಆ ಹೆಣಿಗೆ ಇಲ್ಲ, ಹೊಸದಾಗಿ ನಾವೇ ಮಾಡಬೇಕು.

ಹೇಗೆ ಮಾಡೋದು ಅಂದ್ರೆ, ಎರಡು ಗರಗಸದ ಬ್ಲೇಡ್ ತಗೊಂಡು ಹಲ್ಲಿಗೆ ಹಲ್ಲು ಕೂರಿಸಿ ಇಟ್ಟಿದ್ದೀರಿ ಅಂದ್ಕೊಳ್ಳಿ. ಮೇಲಿನದನ್ನ ಪಕ್ಕಕ್ಕೆ ಜಾರಿಸ್ಬೇಕಂದ್ರೆ ಅದು ಕೆಳಗಿನ ಹಲ್ಲನ್ನ ಹತ್ತಬೇಕು, ಹತ್ತಿದ್ರೆ ಎರಡು ಬ್ಲೇಡ್ ಮಧ್ಯ ಸಂದಿ ಬಿಡುತ್ತೆ. ಈಗ ಎರಡಕ್ಕೂ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಹಾಕಿದ್ರೆ? ಸಂದಿ ಬಿಡೋಕೆ ಹೋದಷ್ಟೂ ರಬ್ಬರ್ ಎಳೆದು ಮತ್ತೆ ಒತ್ತುತ್ತೆ, ಒತ್ತಿದಷ್ಟೂ ಜಾರೋದು ಕಷ್ಟ ಆಗುತ್ತೆ. ನಿಮ್ಮ ಜಾಯಿಂಟಲ್ಲಿ ರಬ್ಬರ್ ಬ್ಯಾಂಡ್ ಅಂದ್ರೆ ರಾಫ್ಟಿಂದ ಮೇಲಕ್ಕೆ ಬಂದಿರೋ ಸ್ಟಾರ್ಟರ್ ಕಂಬಿ. ಇದಕ್ಕೆ ಶಿಯರ್ ಫ್ರಿಕ್ಷನ್ ಅಂತ ಹೆಸರು, 1960ರ ದಶಕದಲ್ಲಿ ಅಮೆರಿಕದಲ್ಲಿ ಪ್ರೀಕಾಸ್ಟ್ (ಬೇರೆ ಕಡೆ ಎರಕ ಹೊಯ್ದು ತಂದು ಜೋಡಿಸೋ) ಕೆಲಸಕ್ಕೆ ಅಂತ ಶುರುವಾದ ಲೆಕ್ಕ, ಇವತ್ತಿಗೂ ಅದೇ ನಡೀತಿದೆ. ಅಂದ್ರೆ ಕಂಬಿ ತಾನೇ ಅಡ್ಡ ನಿಂತು ತಡೆಯೋದು ಕಮ್ಮಿ, ಅದರ ಮುಖ್ಯ ಕೆಲಸ ಬಿಗಿಯಾಗಿ ಎಳೆದು ಹಿಡ್ಕೊಳ್ಳೋದು. ಹಲ್ಲೇ ಇಲ್ಲ ಅಂದ್ರೆ ಸಂದಿ ಬಿಡಲ್ಲ, ಸಂದಿ ಬಿಡಲಿಲ್ಲ ಅಂದ್ರೆ ಕಂಬಿ ಎಳೆಯಲ್ಲ. ಗೋಡೆ ಜಾರಿ ಜಾರಿ ಕೊನೆಗೆ ಕಂಬಿಗೆ ಒದ್ದು, ಕಂಬಿ ಬಗ್ಗಿ, ಪಕ್ಕದ ಕಾಂಕ್ರೀಟು ನುಜ್ಜಾಗಿ ಆಮೇಲೆ ನಿಲ್ಲುತ್ತೆ. ಮೇಸ್ತ್ರಿ "ಕಂಬಿ ಅದಾವಲ್ಲ" ಅಂದಿದ್ದು ಅದಕ್ಕೇ ಕಾಲು ಭಾಗ ಮಾತ್ರ ನಿಜ.

ಇನ್ನು ಅಂಕಿ ಬಗ್ಗೆ. ನಮ್ಮ ದೇಶದ ಕಾಂಕ್ರೀಟ್ ನಿಯಮ ಐಎಸ್ 456:2000 ಜಾಯಿಂಟ್ ಬಗ್ಗೆ ಚೆನ್ನಾಗೇ ಹೇಳುತ್ತೆ, ಕೆನೆ ತೆಗೀರಿ, ಒರಟು ಮಾಡಿ, ಮುಖ ನೀರು ಕುಡಿದು ಮೇಲೆ ಒಣಗಿರ್ಬೇಕು, ಹೆಚ್ಚು ಶಿಯರ್ ಇರೋ ಕಡೆ ಶಿಯರ್ ಕೀ (ಜಾರದಂತೆ ಹಿಡಿಯೋ ಕಚ್ಚು) ಕೊಡಬಹುದು ಅಂತ, ಆದ್ರೆ ಇಷ್ಟು ಎಂಎಂ ಅಂತ ಹೇಳಲ್ಲ. ನಿಮ್ಮ ಇಂಜಿನಿಯರ್ ಬರೆದಿರೋ 6 ಎಂಎಂ ಅಮೆರಿಕದ ಕಾಂಕ್ರೀಟ್ ನಿಯಮ ಎಸಿಐ 318ರಿಂದ ಬಂದಿದ್ದು, ಅಲ್ಲಿ ಕಾಲು ಇಂಚು ಅಂತಿದೆ. ಅದರ ಪ್ರಕಾರ ಕ್ಲೀನ್ ಮಾಡಿ ಕಾಲು ಇಂಚು ಒರಟು ಮಾಡಿದ ಮುಖಕ್ಕೆ ಘರ್ಷಣೆ ಗುಣಾಂಕ 1.0, ಕ್ಲೀನ್ ಇದೆ ಆದ್ರೆ ಒರಟು ಮಾಡಿಲ್ಲ ಅಂದ್ರೆ 0.6, ಒಂದೇ ಸಲ ಹಾಕಿದ್ದಕ್ಕೆ 1.4. ಯುರೋಪಿನ ಯೂರೋಕೋಡ್ 2ರಲ್ಲಿ ಒರಟು ಅಂದ್ರೆ ಕನಿಷ್ಠ 3 ಎಂಎಂ ಏರಿಳಿತ, ಸುಮಾರು 40 ಎಂಎಂಗೊಂದರಂತೆ, ಅದಕ್ಕೆ 0.7. ಗಮನಿಸಿ, 0.6 ಸಿಗೋಕೂ "ಕೆನೆ ಇರಬಾರದು" ಅನ್ನೋ ಶರತ್ತು ಇದೆ. ಕೆನೆ ಇದ್ರೆ ಯಾವ ಅಂಕೀನೂ ನಿಮಗಲ್ಲ.

ಇಲ್ಲಿ ಒಂದು ನಿಜ ಹೇಳ್ಬಿಡ್ತೀನಿ, ಬರೀ ಹೆದರಿಸೋದು ನನಗಿಷ್ಟ ಇಲ್ಲ. ನಿಮ್ಮ ಡ್ರಾಯಿಂಗ್ ನಾನು ನೋಡಿಲ್ಲ, ಮಾಮೂಲಿ ಸೈಜ್ ಹಿಡಿದು ಲೆಕ್ಕ ಹಾಕೋಣ. 3 ಮೀಟರ್ ಎತ್ತರ, 200 ಎಂಎಂ ದಪ್ಪದ ಗೋಡೆ, ಎರಡೂ ಮುಖಕ್ಕೆ 12 ಎಂಎಂ ಕಂಬಿ 150 ಎಂಎಂಗೊಂದು. ಹಿಂದೆ ಒಳ್ಳೆ ಮಣ್ಣು ತುಂಬಿದ್ರೆ ಅದು ಒಂದು ಮೀಟರ್ ಉದ್ದಕ್ಕೆ ಸುಮಾರು 40 ಕಿಲೋನ್ಯೂಟನ್, ಅಂದ್ರೆ ನಾಲ್ಕು ಟನ್ ತಳ್ಳುತ್ತೆ, ಸುರಕ್ಷತೆಗೆ ಒಂದೂವರೆ ಪಟ್ಟು ಮಾಡ್ಕೊಂಡ್ರೆ 60. ಜಾಯಿಂಟ್ ದಾಟೋ ಕಂಬಿ ಮೀಟರಿಗೆ ಸುಮಾರು 1500 ಚದರ ಎಂಎಂ. ಎಸಿಐ ಲೆಕ್ಕದಲ್ಲಿ ಕಂಬಿಯ ಬಲ ಚದರ ಎಂಎಂಗೆ 420 ನ್ಯೂಟನ್‌ಗಿಂತ ಜಾಸ್ತಿ ಹಿಡಿಯೋ ಹಾಗಿಲ್ಲ, ಹಂಗೆ ಹಿಡಿದು ಸುರಕ್ಷತೆಗೆ 0.75ರಿಂದ ಗುಣಿಸಿದ್ರೆ ಒರಟು ಮುಖಕ್ಕೆ ಸುಮಾರು 475, ಒರಟು ಮಾಡದ ಕ್ಲೀನ್ ಮುಖಕ್ಕೆ 285 ಕಿಲೋನ್ಯೂಟನ್ ಬರುತ್ತೆ. ಬೇಕಾಗಿರೋದು 60. ಅಂದ್ರೆ ಕೆನೆ ತೆಗೆದು ಕ್ಲೀನ್ ಮಾಡಿದ್ರೆ, 6 ಎಂಎಂ ಒರಟು ಇಲ್ಲದಿದ್ರೂ ಬರೀ ಮಣ್ಣಿನ ಒತ್ತಡಕ್ಕೆ ನಿಮ್ಮ ಸುತ್ತುಗೋಡೆ ಜಾರಿ ಬೀಳಲ್ಲ. ಇಷ್ಟು ವರ್ಷ ಸ್ಲರಿ ಹೊಡೆದು ಕಟ್ಟಿದ ಎಷ್ಟೋ ಮನೆ ನಿಂತಿರೋದಕ್ಕೆ, ಮೇಸ್ತ್ರಿ ಧೈರ್ಯಕ್ಕೆ, ಈ ದೊಡ್ಡ ಅಂತರಾನೇ ಕಾರಣ ಇರಬಹುದು. (ಆದ್ರೆ ನಿಮ್ಮದು ಧಾರವಾಡ, ಆ ಕಡೆ ಬಹಳ ಜಾಗದಲ್ಲಿ ಎರೆಮಣ್ಣು. ಅಗೆದ ಎರೆಮಣ್ಣನ್ನೇ ಗೋಡೆ ಹಿಂದೆ ವಾಪಸ್ ತುಂಬಿಸ್ಬೇಡಿ, ಮಳೆಗಾಲದಲ್ಲಿ ಅದು ಊದಿಕೊಂಡ್ರೆ ಈ 40ರ ಲೆಕ್ಕ ಎಲ್ಲ ಸುಳ್ಳಾಗುತ್ತೆ. ಗರಸು ತುಂಬಿಸಿ, ನೀರು ಹೊರಗೆ ಹೋಗೋಕೆ ದಾರಿ ಬಿಡಿ.)

ಹಂಗಾದ್ರೆ ಚಿಪ್ಪಿಂಗ್ ಯಾಕೆ? ಎರಡು ಕಾರಣ. ಒಂದು ನೀರು. ಕೆನೆ ಪದರ ಇರೋ ಜಾಯಿಂಟ್ ಶಿಯರಲ್ಲಿ ಪಾಸಾದ್ರೂ ನೀರಿಗೆ ಫೇಲ್. ಮೊದಲ ಮಳೆಗಾಲದಲ್ಲೇ ಗೋಡೆ ಬುಡದಲ್ಲಿ ಉದ್ದಕ್ಕೂ ಒದ್ದೆ ಗೆರೆ ಕಾಣಿಸ್ಕೊಳ್ಳುತ್ತೆ, ಆಮೇಲೆ ಬಿಳಿ ಉಪ್ಪು, ವರ್ಷಗಳು ಕಳೆದಂತೆ ಅದೇ ಜಾಗದಲ್ಲಿ ಕಂಬಿಗೆ ತುಕ್ಕು. ತುಕ್ಕು ಹಿಡಿದ ಕಂಬಿ ಸಣ್ಣ ಆಗ್ತಾ ಹೋದ್ರೆ ಮೇಲೆ ಹಾಕಿದ 1500 ಎಲ್ಲಿ ಉಳಿಯುತ್ತೆ ಹೇಳಿ.

ಎರಡನೇದು ಲಿಫ್ಟ್ ಗೋಡೆ, ಇದು ನನಗೆ ಜಾಸ್ತಿ ಚಿಂತೆ. 2016ರ ಐಎಸ್ 1893 ಅನ್ನೋ ಭೂಕಂಪ ನಿಯಮದ ಪಟ್ಟಿ ಪ್ರಕಾರ ಬೆಂಗಳೂರು ಮೈಸೂರು ಝೋನ್ 2, ಆದ್ರೆ ಧಾರವಾಡ, ಬೆಳಗಾವಿ, ಕಾರವಾರ, ಮಂಗಳೂರು ಝೋನ್ 3, ಅಂದ್ರೆ ಅಪಾಯ ಇನ್ನೂ ಜಾಸ್ತಿ. ಭೂಕಂಪದ ತಳ್ಳುವಿಕೆನ ಬಹುಪಾಲು ಹಿಡ್ಕೊಳ್ಳೋದು ಗಟ್ಟಿ ಗೋಡೆಗಳೇ, ಅಂದ್ರೆ ನಿಮ್ಮ ಲಿಫ್ಟ್ ಗೋಡೆ. ಆದ್ರೆ ಅದರ ತಲೆ ಮೇಲೆ ಭಾರ ಕಮ್ಮಿ, ಸ್ಲ್ಯಾಬಿನ ಭಾರ ಎಲ್ಲಾ ಪಿಲ್ಲರ್‌ಗಳಿಗೆ ಹೋಗಿರುತ್ತೆ. ಭಾರ ಕಮ್ಮಿ ಅಂದ್ರೆ ಒತ್ತಿ ಹಿಡಿಯೋದು ಕಮ್ಮಿ. ಭೂಕಂಪಕ್ಕೆ ಕಂಬಿ ಹೇಗೆ ಕಟ್ಟಬೇಕು ಅಂತ ಹೇಳೋ ನಿಯಮ ಐಎಸ್ 13920ರಲ್ಲಿ, ಲಿಫ್ಟ್ ಗೋಡೆಯಂಥ ಶಿಯರ್ ವಾಲ್‌ನ ಅಡ್ಡ ಜಾಯಿಂಟ್ ದಾಟೋ ಕಂಬಿಗೆ ಅಂತಾನೇ ಒಂದು ಸೂತ್ರ ಇದೆ, ಗೋಡೆಗೆ ಬರೋ ಶಿಯರ್ ಒತ್ತಡದಲ್ಲಿ ಮೇಲಿನ ಭಾರದ ಒತ್ತಡ ಕಳೆದು, ಉಳಿದಿದ್ದನ್ನ 0.92ರಿಂದ ಗುಣಿಸಿ ಕಂಬಿಯ ಬಲದಿಂದ ಭಾಗಿಸಿ ಅಂತ. ಮಣ್ಣು ಒಂದೇ ಕಡೆ ತಳ್ಳುತ್ತೆ, ನಿಧಾನಕ್ಕೆ ತಳ್ಳುತ್ತೆ. ಭೂಕಂಪ ಹಾಗಲ್ಲ, ಆ ಕಡೆ ಒಂದು ಸಲ ಈ ಕಡೆ ಒಂದು ಸಲ ಉಜ್ಜುತ್ತೆ, ಬೀಸೋಕಲ್ಲು ತಿರುಗಿಸಿದ ಹಾಗೆ. ಬೀಸಿ ಬೀಸಿ ನುಣ್ಣಗಾದ ಕಲ್ಲನ್ನ ಹಿಂದೆಲ್ಲ ಊರಿಗೆ ಬರೋ ಕಲ್ಲುಕುಟಿಗರಿಂದ ಉಳಿಯಲ್ಲಿ ಕುಟ್ಟಿಸ್ತಿದ್ರಲ್ಲ, ಇಲ್ಲಿ ಆಮೇಲೆ ಕುಟ್ಟಿಸೋಕೆ ಆಗಲ್ಲ, ಇರೋ ಒರಟೇ ಕೊನೇತನಕ ಬಾಳಬೇಕು. ಅದಕ್ಕೆ 6 ಎಂಎಂ.

ಈಗ ನಿಮ್ಮ ಕೆಲಸ. 20 ದಿನ ಆಗಿರೋದ್ರಿಂದ ಬ್ರಶ್‌ನಿಂದ ಏನೂ ಆಗಲ್ಲ, ಚಿಪ್ಪಿಂಗೇ ಗತಿ. ಗೋಡೆ ಬರೋ ಜಾಗ ಎರಡೂ ಕಡೆ ದಾರ ಹೊಡೆದು ಗುರುತು ಮಾಡಿ. ದೊಡ್ಡ ಬ್ರೇಕರ್ ಮೆಷಿನ್ ತರಿಸ್ಬೇಡಿ, ರಸ್ತೆ ಒಡೆಯೋ ಆ ಮೆಷಿನ್ ಹೊಡೆತಕ್ಕೆ ಮೇಲೆ ಒರಟಾಗುತ್ತೆ ನಿಜ, ಆದ್ರೆ ಕೆಳಗೆ ಜಲ್ಲಿ ಸುತ್ತ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಆ ಪದರ ಸಡಿಲ ಆಗುತ್ತೆ, ಒಂದು ದುರ್ಬಲ ಪದರ ತೆಗೆದು ಇನ್ನೊಂದು ಮಾಡಿದ ಹಾಗೆ. ಕೈಯಲ್ಲಿ ಹಿಡಿಯೋ ಸಣ್ಣ ಚಿಪ್ಪಿಂಗ್ ಮೆಷಿನ್, ಕಂಬಿ ಸಂದಿಯಲ್ಲಿ ಉಳಿ ಸುತ್ತಿಗೆ, ಇಷ್ಟು ಸಾಕು. ಮೇಸ್ತ್ರಿಗಳು ಹ್ಯಾಕಿಂಗ್ ಅಂದ ತಕ್ಷಣ ಪ್ಲಾಸ್ಟರಿಂಗ್‌ಗೆ ಹೊಡೆಯೋ ತರಾ ಅರ್ಧ ಅಡಿಗೊಂದು ಕಚ್ಚು ಹೊಡೆದು ಮುಗೀತು ಅಂತಾರೆ. ಅದಲ್ಲ. ಕಚ್ಚಿನ ಮಧ್ಯದ ಕೆನೆ ಹಂಗೇ ಉಳಿದ್ರೆ ಪ್ರಯೋಜನ ಇಲ್ಲ, ಇಡೀ ಮುಖದಲ್ಲಿ ಜಲ್ಲಿ ಕಾಣಿಸ್ಬೇಕು, ಜಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಗಟ್ಟಿಯಾಗಿ ಕೂತಿರ್ಬೇಕು, ಬೆರಳಲ್ಲಿ ಅಲ್ಲಾಡಿಸಿದ್ರೆ ಅಲ್ಲಾಡೋ ಜಲ್ಲಿ ಕಿತ್ತು ಹಾಕ್ಬೇಕು.

6 ಎಂಎಂ ಆಯ್ತಾ ಅಂತ ನೋಡೋದು ತುಂಬಾ ಸುಲಭ. ಒಂದು ಅಡಿ ಸ್ಟೀಲ್ ಸ್ಕೇಲನ್ನ ಆ ಮುಖದ ಮೇಲೆ ನೇರ ಅಂಚಲ್ಲಿ ನಿಲ್ಲಿಸಿ, 6 ಎಂಎಂ ಕಂಬಿ ತುಂಡು ಒಂದು ಸೈಟಲ್ಲಿ ಎಲ್ಲಾದ್ರೂ ಸಿಗುತ್ತೆ, ಅದನ್ನ ಸ್ಕೇಲ್ ಕೆಳಗಿನ ಹಳ್ಳಗಳಲ್ಲಿ ತೂರಿಸಿ ನೋಡಿ. ಅಡಿಯುದ್ದಕ್ಕೂ ನಾಲ್ಕೈದು ಕಡೆ ಸಲೀಸಾಗಿ ತೂರಿದ್ರೆ ಪಾಸ್. ಒಂದೇ ಕಡೆ ದೊಡ್ಡ ಗುಂಡಿ, ಉಳಿದಿದ್ದೆಲ್ಲ ಸಪಾಟು ಅಂದ್ರೆ ಮತ್ತೆ ಹೊಡೆಸಿ. ನಾನು ಜೇಬಲ್ಲೇ ಒಂದು ತುಂಡು ಇಟ್ಕೊಂಡಿರ್ತೀನಿ, ನನ್ನ ಹೆಂಡತಿ ಬಟ್ಟೆ ಒಗೆಯೋವಾಗೆಲ್ಲ ಬೈತಾಳೆ.

ಒಂದು ವಿಷಯ ಮೊದಲೇ ಕೇಳಿ, ರಾಫ್ಟ್ ಹಾಕೋವಾಗ ಜಾಯಿಂಟಲ್ಲಿ ಪಿವಿಸಿ ವಾಟರ್ ಸ್ಟಾಪ್ (ನೀರು ತಡೆಯೋ ಪ್ಲಾಸ್ಟಿಕ್ ಪಟ್ಟಿ) ಇಟ್ಟಿದ್ದಾರಾ? ಇಟ್ಟಿಲ್ಲ ಅಂದ್ರೆ ಈಗ ನೀರು ತಗುಲಿದ್ರೆ ಊದಿಕೊಳ್ಳೋ ಪಟ್ಟಿ ಸಿಗುತ್ತೆ, ಅದನ್ನ ಗೋಡೆ ದಪ್ಪದ ಮಧ್ಯದಲ್ಲಿ ಅಂಟಿಸಿ ಮೊಳೆ ಹೊಡೀಬಹುದು. ಅದಕ್ಕೆ ಮಾತ್ರ ಸಪಾಟು ಜಾಗ ಬೇಕು, ಹಂಗಾಗಿ ಮಧ್ಯ ಪಟ್ಟಿಯಗಲ ಕೆನೆ ಮಾತ್ರ ಉಜ್ಜಿಸಿ ಬಿಟ್ಟು ಎರಡೂ ಪಕ್ಕ ಚಿಪ್ಪಿಂಗ್ ಮಾಡ್ಸಿ. ಮಳೆ ಬಂದು ಶಟರಿಂಗ್ ಮುಂಚೆನೇ ಒದ್ದೆಯಾದ್ರೆ ಪಟ್ಟಿ ಅಲ್ಲೇ ಊದ್ಕೊಂಡು ವೇಸ್ಟ್ ಆಗುತ್ತೆ, ಅದಕ್ಕೇ ಅದನ್ನ ಕೊನೇ ಗಳಿಗೆಯಲ್ಲಿ, ಶಟರಿಂಗ್ ಮುಚ್ಚೋ ದಿನ ಹಾಕಿಸಿ.

ಚಿಪ್ಪಿಂಗ್ ಆದ್ಮೇಲೆ ಕ್ಲೀನಿಂಗ್, ಎಲ್ರೂ ಸೋಲೋದು ಇಲ್ಲೇ. ಕೆಲವು ವರ್ಷದ ಹಿಂದೆ ಒಂದು ಸೈಟಿಗೆ ಹೋಗಿದ್ದೆ, ಚಿಪ್ಪಿಂಗ್ ಚೆನ್ನಾಗೇ ಮಾಡ್ಸಿದ್ರು, ಫೋಟೋ ಕೂಡ ತೋರಿಸಿದ್ರು. ಗೋಡೆ ಶಟರಿಂಗ್ ಬಿಚ್ಚಿದ್ಮೇಲೆ ಬುಡದಲ್ಲಿ ಕಪ್ಪು ಗೆರೆ. ಜೇಬಿಂದ ಎಟಿಎಂ ಕಾರ್ಡ್ ತೆಗೆದು ಆ ಗೆರೆಗೆ ಇಟ್ಟೆ, ಮುಕ್ಕಾಲು ಕಾರ್ಡ್ ಒಳಗೆ ಹೋಯ್ತು. ಒಡೆಸಿ ನೋಡಿದ್ರೆ ಒಳಗೆ ಮರದ ಪುಡಿ, ಬೈಂಡಿಂಗ್ ವೈರ್ ತುಂಡು, ಬೀಡಿ ತುದಿ, ಒಂದು ಗುಟ್ಕಾ ಪ್ಯಾಕೆಟ್. ಚಿಪ್ಪಿಂಗ್ ಮಾಡಿ ವಾರ ಆದ್ಮೇಲೆ ಕಂಬಿ ಕಟ್ಟಿದ್ದಾರೆ, ಆಮೇಲೆ ಬಡಗಿ ಅಲ್ಲೇ ಪ್ಲೈವುಡ್ ಕೊಯ್ದಿದ್ದಾನೆ, ಕೊನೆಗೆ ಯಾರೂ ಬಗ್ಗಿ ನೋಡಿಲ್ಲ. ಅದಕ್ಕೆ ನೀವು ಶಟರಿಂಗ್‌ನವರಿಗೆ ಹೇಳಿ ಬುಡದಲ್ಲಿ ಒಂದು ಕಡೆ ಒಂದಡಿ ಅಗಲದ ಕಿಂಡಿ ಬಿಡಿಸಿ, ಕಾಂಕ್ರೀಟ್ ಹಾಕೋ ದಿನ ಬೆಳಿಗ್ಗೆ ಜೋರು ನೀರು ಹೊಡೆದ್ರೆ ಕಸ ಎಲ್ಲ ಆ ಕಿಂಡಿಯಿಂದ ಹೊರಗೆ ಬರ್ಬೇಕು, ಆಮೇಲೆ ಕಿಂಡಿ ಮುಚ್ಚಿ. ಸ್ಟಾರ್ಟರ್ ಕಂಬಿಗೆ ಅಂಟಿರೋ ಒಣ ಸಿಮೆಂಟನ್ನೂ ವೈರ್ ಬ್ರಶ್ಶಲ್ಲಿ ಉಜ್ಜಿಸಿ. ಶಟರಿಂಗ್ ಎಣ್ಣೆನ ಪ್ಲೈವುಡ್ ನಿಲ್ಲಿಸೋ ಮುಂಚೆನೇ ಹಚ್ಬೇಕು, ನಿಲ್ಲಿಸಿದ್ಮೇಲೆ ಹಚ್ಚಿದ್ರೆ ಸೋರಿ ಜಾಯಿಂಟ್ ಮೇಲೇ ಬೀಳುತ್ತೆ. ರಾಫ್ಟ್ ಮೇಲೆ ಕ್ಯೂರಿಂಗ್ ಕಾಂಪೌಂಡ್ (ಕಾಂಕ್ರೀಟಿನ ನೀರು ಆರದ ಹಾಗೆ ಹೊಡೆಯೋ ಕೆಮಿಕಲ್) ಹೊಡೆದಿದ್ರೆ ಅದೂ ಪೂರ್ತಿ ಹೋಗಿರ್ಬೇಕು.

ನೀರು. ಹಿಂದಿನ ದಿನವೇ ಗೋಣಿಚೀಲ ಹಾಸಿ ನೆನೆಸಿ, ಒಣ ಕಾಂಕ್ರೀಟು ಬಾಯಾರಿದ ದನ ಇದ್ದಂಗೆ, ಹೊಸ ಕಾಂಕ್ರೀಟಿನ ನೀರೆಲ್ಲ ಎಳ್ಕೊಂಡು ಜಾಯಿಂಟಲ್ಲಿ ಸಿಮೆಂಟು ಸರಿಯಾಗಿ ಸೆಟ್ ಆಗೋಕೆ ಬಿಡಲ್ಲ. ಆದ್ರೆ ಹಾಕೋ ಹೊತ್ತಿಗೆ ಗುಂಡಿಗಳಲ್ಲಿ ನೀರು ನಿಂತಿರ್ಬಾರದು, ಸ್ಪಾಂಜಲ್ಲೋ ಬ್ಲೋವರಲ್ಲೋ ತೆಗೆಸಿ. ಮುಟ್ಟಿದ್ರೆ ತಂಪು, ಬಣ್ಣ ಗಾಢ, ಬೆರಳಿಗೆ ನೀರು ಅಂಟಬಾರದು, ಆ ಹದ.

ಈಗ ಸ್ಲರಿ ಬಗ್ಗೆ. ಸೈಟಲ್ಲಿ ಸ್ಲರಿ ಅಂದ್ರೆ ಬಾಂಡ್ಲಿಯಲ್ಲಿ ಎರಡು ಹಿಡಿ ಸಿಮೆಂಟು, ಅರ್ಧ ಕೊಡ ನೀರು, ಕಲಸಿ ಎರಚೋದು. ಅಷ್ಟು ನೀರಿರೋ ಸಿಮೆಂಟು ಸರಿಯಾಗಿ ಗಟ್ಟಿಯಾಗಲ್ಲ, ನೀವು ದುಡ್ಡು ಕೊಟ್ಟು ಕಷ್ಟಪಟ್ಟು ತೆಗೆಸಿದ ಕೆನೆನ ಮೇಸ್ತ್ರಿ ಬಾಂಡ್ಲಿಯಲ್ಲಿ ವಾಪಸ್ ತಂದು ಹಾಕ್ತಾನೆ. ಅದೂ ಬೆಳಿಗ್ಗೆ ಎಂಟಕ್ಕೆ ಎರಚಿ ರೆಡಿಮಿಕ್ಸ್ ಗಾಡಿ ಹನ್ನೊಂದಕ್ಕೆ ಬಂದ್ರೆ ಮಧ್ಯ ಒಣಗಿ ಹಪ್ಪಳ ಆಗಿರುತ್ತೆ, ಆಮೇಲೆ ಅದು ಅಂಟಿಸೋ ಬದಲು ಬಿಡಿಸೋ ಪದರ. ಚಿಪ್ಪಿಂಗ್ ಆದ, ಕ್ಲೀನ್ ಆದ, ನೀರು ಕುಡಿದ ಮುಖಕ್ಕೆ ಸ್ಲರಿ ಅಗತ್ಯನೇ ಇಲ್ಲ. ಅದರ ಬದಲು ಮೊದಲ ಮೂರ್ನಾಲ್ಕು ಇಂಚು ಅದೇ ಮಿಕ್ಸಲ್ಲಿ ದಪ್ಪ ಜಲ್ಲಿ ಕಮ್ಮಿ ಮಾಡಿದ ಕಾಂಕ್ರೀಟ್ ಹಾಕ್ಸಿ, ಯಾಕಂದ್ರೆ 3 ಮೀಟರ್ ಮೇಲಿಂದ ಕಂಬಿ ಮಧ್ಯ ಬೀಳೋವಾಗ ಗಾರೆ ಎಲ್ಲ ಕಂಬಿಗೇ ಅಂಟಿ ಬುಡಕ್ಕೆ ಬರೀ ಜಲ್ಲಿ ಬೀಳುತ್ತೆ, ಕಾಂಕ್ರೀಟು ಜೇನುಗೂಡಿನ ಹಾಗೆ ತೂತು ತೂತಾಗೋದು ಬಹಳ ಸಲ ಬುಡದಲ್ಲೇ. ಕಾಂಕ್ರೀಟ್ 1.5 ಮೀಟರಿಗಿಂತ ಎತ್ತರದಿಂದ ಬೀಳಬಾರದು ಅಂತ ಐಎಸ್ 456 ಹೇಳುತ್ತೆ, ಪಂಪಿನ ಹೋಸ್ ಒಳಗೆ ಇಳಿಸಿ ಹಾಕ್ಸಿ, ಮೊದಲ ಪದರಕ್ಕೆ ವೈಬ್ರೇಟರ್ ಸೂಜಿ ಬುಡದ ತನಕ ಹೋಗಲಿ, ಹೊಸ ಗಾರೆ ಹಳೇ ಜಲ್ಲಿ ಸಂದಿಗೆ ಇಳಿಯೋದು ಅದರಿಂದಲೇ.

ಅಂಗಡಿಯವರ ಬಾಂಡಿಂಗ್ ಕೆಮಿಕಲ್? ಅದು ಎಪಾಕ್ಸಿ ಅಂಟಾದ್ರೆ ಅದಕ್ಕೆ ಅದರದ್ದೇ ಜಾಗ ಇದೆ, ಹಳೇ ಪಿಲ್ಲರ್‌ಗೆ ಜಾಕೆಟ್ ಹಾಕೋವಾಗ, ರಿಪೇರಿಯಲ್ಲಿ. ಹಚ್ಚಿದ ಮೇಲೆ ಅಂಟಂಟು ಇರೋ ಟೈಮಲ್ಲೇ ಕಾಂಕ್ರೀಟ್ ಬೀಳಬೇಕು. ನಿಮ್ಮ ಗೋಡೆಯಲ್ಲಿ ಹಚ್ಚಿ, ಶಟರಿಂಗ್ ಮುಚ್ಚಿ, ಗಾಡಿ ಬರೋ ತನಕ ಕಾದ್ರೆ ಅದು ಒಣಗಿ ಗಾಜಿನ ತರಾ ನುಣುಪಾಗುತ್ತೆ, ಚಿಪ್ಪಿಂಗ್ ಮಾಡಿದ ಹಳ್ಳ ಎಲ್ಲ ತುಂಬ್ಕೊಂಡು. ಕೆನೆ ಮೇಲೆ ಹಚ್ಚಿದ್ರಂತೂ ದುಡ್ಡು ದಂಡ, ಅಂಟು ಗಟ್ಟಿ ಇರುತ್ತೆ, ಅಂಟಿಸಿದ ಪುಡಿ ಕಿತ್ಕೊಂಡು ಬರುತ್ತೆ. ಬೇಡ.

ಮೇಸ್ತ್ರಿ ಮುನಿಸ್ಕೋತಾರೆ ಅಂತ ನೀವು ಹಿಂಜರೀಬೇಡಿ. ಚಿಪ್ಪಿಂಗ್ ಅವರ ರೇಟಲ್ಲಿ ಸೇರಿರಲ್ಲ, ಬೇಡ ಅನ್ನೋಕೆ ಬಹಳ ಸಲ ಅದೇ ಕಾರಣ. ಎರಡು ಆಳು, ಒಂದು ಮೆಷಿನ್ ಬಾಡಿಗೆ ಬೇರೆ ಕೊಡ್ತೀನಿ ಅಂದ್ಬಿಡಿ, ಅರ್ಧ ವಾದ ಅಲ್ಲೇ ಮುಗಿಯುತ್ತೆ. ಮುಂದಿನ ಜಾಯಿಂಟ್‌ಗೆ, ಅಂದ್ರೆ ಬೇಸ್‌ಮೆಂಟ್ ಸ್ಲ್ಯಾಬ್ ಮೇಲೆ ಲಿಫ್ಟ್ ಗೋಡೆ ಮುಂದುವರಿಯೋ ಕಡೆ, ಈ ಖರ್ಚೂ ಬೇಡ. ಕಾಂಕ್ರೀಟ್ ಹಾಕಿದ ದಿನ ಸಂಜೆ ಅಲ್ಲೇ ಇರಿ, ಹೆಬ್ಬೆರಳಲ್ಲಿ ಒತ್ತಿದ್ರೆ ಗುರುತು ಬೀಳ್ಬಾರದು ಆದ್ರೆ ಮೊಳೆಯಲ್ಲಿ ಗೀರಿದ್ರೆ ಸುಲಭವಾಗಿ ಗೀರಾಗ್ಬೇಕು. ಧಾರವಾಡದ ಬೇಸಿಗೆಯಲ್ಲಿ ಐದಾರು ಗಂಟೆಗೆ, ಮಳೆಗಾಲದ ತಂಪಲ್ಲಿ ಇನ್ನೂ ತಡವಾಗಿ ಆ ಹದ ಬರುತ್ತೆ. ಆಗ ಗೋಡೆ ಜಾಗದಲ್ಲಿ ಮಾತ್ರ ಪೈಪಲ್ಲಿ ನೀರು ಬಿಟ್ಟು ಗಟ್ಟಿ ಬ್ರಶ್ಶಲ್ಲಿ ಉಜ್ಜಿಸಿದ್ರೆ ಕೆನೆ ಎಲ್ಲ ನೀರಲ್ಲಿ ಹೋಗಿ ಜಲ್ಲಿ ತಲೆ ಎತ್ತುತ್ತೆ, ಒಬ್ಬ ಆಳಿಗೆ ಅರ್ಧ ಗಂಟೆ ಕೆಲಸ. ಬೇಗ ಉಜ್ಜಿದ್ರೆ ಜಲ್ಲಿನೇ ಕಿತ್ಕೊಂಡು ಬರುತ್ತೆ, ಬೆಳಿಗ್ಗೆ ನೋಡೋಣ ಅಂತ ಮಲಗಿದ್ರೆ ಮತ್ತೆ ಚಿಪ್ಪಿಂಗ್ ಮೆಷಿನ್ನೇ.